ಕಾಲಾಣೆ ಮೇಲೆ ಕೈವಾರ, ಮೂಲೆಮಟ್ಟದ ಠಸ್ಸೆ ಇದೆ, ಯಾವ ಸಂಘದ್ದು ಇದು? ಉಜ್ಜಬಹುದಾ?

ಸೀತಾನದಿ (ತೀರ್ಥಹಳ್ಳಿ)

ಎಲ್ರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಮೊದಲ ಸಲ, ತಪ್ಪಿದ್ರೆ ತಿದ್ದಿ.

ನಮ್ಮನೆ ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗೋ ದಾರೀಲಿ. ಮಳೆಗಾಲದ ಮುಂಚೆ ಹೆಂಚು ತೆಗೆಸಿ ಹೊದಿಸ್ಬೇಕು ಅಂತ ಅಟ್ಟದ ಸಾಮಾನೆಲ್ಲ ಇಳಿಸ್ತಿದ್ವಿ, ಆಗ ಅಜ್ಜನ ಮರದ ಪೆಟ್ಟಿಗೆ ಸಿಕ್ತು. ಒಳಗೆ ಹಳೇ ಕಾಗದ, ಒಂದು ಕನ್ನಡಕ, ಬಟ್ಟೆ ಗಂಟಲ್ಲಿ 12 ತಾಮ್ರದ ನಾಣ್ಯ. ಅಮ್ಮ ಪೂಜೆಗೆ ಇಡೋಣ ಅಂತ ಹುಣಸೆಹಣ್ಣು ಹಾಕಿ ತಿಕ್ಕೋಕೆ ಶುರು ಮಾಡಿದ್ರು, 11 ಆಗಿಹೋಗಿತ್ತು, ಕೊನೇದು ಕೈಗೆ ತಗೊಂಡಾಗ ಇದ್ರ ಮೇಲೆ ಏನೋ ಬೇರೆ ಥರ ಕಾಣ್ತಿದೆ ಅಂತ ನಾನು ಕಸ್ಕೊಂಡೆ.

1862ರ ಕಾಲಾಣೆ, ವಿಕ್ಟೋರಿಯಾ ರಾಣೀದು. ರಾಣಿ ಭುಜದ ಹತ್ರ ಒಂದು ಗುರುತು ಒತ್ತಿದಾರೆ, ಮೇಲೆ ಕೈವಾರ ಬಿಚ್ಚಿಟ್ಟ ಹಾಗೆ, ಕೆಳಗೆ ಬಡಗಿಗಳ ಮೂಲೆಮಟ್ಟ, ಎರಡೂ ಒಂದರ ಮೇಲೊಂದು. ಉದ್ದಿನ ಕಾಳಿನ ಎರಡರಷ್ಟು ದೊಡ್ಡದಿರ್ಬಹುದು ಅಷ್ಟೆ. ಗೆರೆ ಒಳಗೆ ಬೆಳ್ಳಗೆ ಏನೋ ಕೂತಿದೆ. ಅಜ್ಜ ಮೂಡಿಗೆರೆ ಕಡೆ ಕಾಫಿ ಎಸ್ಟೇಟಲ್ಲಿ ರೈಟ್ರಾಗಿದ್ರು, ಅಲ್ಲಿನ ದೊರೆ ವಾಪಸ್ ಊರಿಗೆ ಹೋಗುವಾಗ ಕೊಟ್ಟಿದ್ದು ಅಂತ ಅಪ್ಪ ಹೇಳ್ತಾರೆ, ಅಪ್ಪಂಗೂ ಅಷ್ಟೇ ಗೊತ್ತು. ಅಜ್ಜ ತೀರ್ಕೊಂಡಿದ್ದು 1971ರಲ್ಲಿ, ನಾನು ನೋಡೇ ಇಲ್ಲ.

ನನ್ನ ಪ್ರಶ್ನೆ ಮೂರು. ಇದು ಯಾವ ಸಂಘದ ಗುರುತು? ಹಳೇದಾ, ಆಮೇಲೆ ಯಾರೋ ಹೊಡೆದಿದ್ದಾ, ಹೆಂಗೆ ತಿಳ್ಕೊಳ್ಳೋದು? ಆ ಬಿಳೀದನ್ನ ಸೂಜೀಲಿ ತೆಗೀಬಹುದಾ? ಇನ್ನೊಂದು, ಈ ಥರ ಠಸ್ಸೆ ಒತ್ತಿದ ನಾಣ್ಯಗಳನ್ನೇ ಸಂಗ್ರಹ ಮಾಡೋರು ಇದಾರಂತೆ ಹೌದಾ, ನಂಗೂ ಆಸೆ ಹುಟ್ಟಿದೆ. ಫೋಟೋ ಎರಡು ಕಡೇದೂ ಹಾಕಿದೀನಿ.

ಕಾಲಾಣೆ ಶಿವಮೊಗ್ಗ

ಮೊದಲು ಸೂಜಿ ಒಳಗಿಡಿ ತಂಗಿ. ಏನೂ ಮಾಡ್ಬೇಡಿ ಅದಕ್ಕೆ, ಉಜ್ಜೋದು ಬೇಡ, ಎಣ್ಣೆ ಹಚ್ಚೋದು ಬೇಡ, ನಿಂಬೆಹಣ್ಣು ಬೇಡ. ಕಸ್ಕೊಂಡಿದ್ದು ಬಹಳ ಒಳ್ಳೇ ಕೆಲಸ ಆಯ್ತು. ಉಳಿದ 11ರ ಫೋಟೋನೂ ಹಾಕಿ, ಉಜ್ಜಿದ್ರೂ ಪರವಾಗಿಲ್ಲ, ನೋಡೋಣ.

ಗುರುತು ಫ್ರೀಮೇಸನ್‌ಗಳದ್ದು, ಅದ್ರಲ್ಲಿ ಅನುಮಾನ ಇಲ್ಲ. ಮೇಸನ್ ಅಂದ್ರೆ ಕಲ್ಲುಕೆಲಸದೋರು, ಕೈವಾರ ಮೂಲೆಮಟ್ಟ ಎರಡೂ ಅವರ ಉಪಕರಣ, ಅದನ್ನೇ ಈ ಸಂಘದೋರು ನಡತೆಗೆ ಸಂಕೇತ ಮಾಡ್ಕೊಂಡ್ರು. 1717ರ ಜೂನ್ 24ಕ್ಕೆ ಲಂಡನ್ನಲ್ಲಿ ನಾಲ್ಕು ಲಾಡ್ಜ್ (ಅವರ ಶಾಖೆಗೆ ಹಾಗಂತಾರೆ, ಉಳ್ಕೊಳ್ಳೋ ಲಾಡ್ಜ್ ಅಲ್ಲ) ಸೇರಿ ಮೊದಲ ಗ್ರಾಂಡ್ ಲಾಡ್ಜ್, ಅಂದ್ರೆ ಶಾಖೆಗಳ ಮೇಲಿನ ಸಂಸ್ಥೆ, ಮಾಡಿದ್ರು, ಕಂಪನಿ ಸರ್ಕಾರದೋರ ಜೊತೆ ಅದು ನಮ್ಮ ದೇಶಕ್ಕೂ ಬಂತು. ಇಲ್ಲಿನ ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಗ್ರಾಂಡ್ ಲಾಡ್ಜ್‌ಗಳ ಕೆಳಗಿದ್ವು, ಭಾರತದ್ದೇ ಗ್ರಾಂಡ್ ಲಾಡ್ಜ್ ಆಗಿದ್ದು 1961ರಲ್ಲಿ. ಬಾಗಿಲು ಹಾಕ್ಕೊಂಡು ಸಭೆ ಮಾಡ್ತಿದ್ರಲ್ಲ ಅದಕ್ಕೆ ಉತ್ತರದ ಕಡೆ ಜನ ಆ ಕಟ್ಟಡಕ್ಕೆ ಜಾದೂಘರ್ ಅಂತಲೇ ಕರೀತಿದ್ರು. ಮಾಟ ಮಂತ್ರ ಎಂಥದೂ ಇಲ್ಲ. ಸ್ವಾಮಿ ವಿವೇಕಾನಂದರು ಸನ್ಯಾಸಕ್ಕೆ ಮುಂಚೆ 1884ರಲ್ಲಿ ಕಲ್ಕತ್ತಾದ ಲಾಡ್ಜ್ ಒಂದಕ್ಕೆ ಸೇರಿದ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಈ ಗುರುತು ಕಂಡ ಕೂಡ್ಲೆ ಹೆದರೋರನ್ನ ನೋಡಿದೀನಿ, ಮನೇಲಿ ಇಡಬಾರ್ದು ಅಂತ ತುಂಗೆಗೆ ಹಾಕಿದೋರೂ ಇದಾರೆ, ಹೊಟ್ಟೆ ಉರಿಯುತ್ತೆ.

ಈಗ ನೀವು ಮಾಡ್ಬೇಕಾದ್ದು ಇಷ್ಟು. ಭೂತಗನ್ನಡಿ ಇಟ್ಕೊಂಡು ಕೈವಾರದ ಎರಡು ಮೊನೆ ನೋಡಿ. ಎರಡೂ ಮೊನೆ ಮೂಲೆಮಟ್ಟದ ಕೆಳಗೆ ಹೋಗಿದ್ರೆ ಮೊದಲ ಮೆಟ್ಟಿಲು, ಅಂದ್ರೆ ಹೊಸದಾಗಿ ಸೇರಿದ ಸದಸ್ಯ. ಒಂದು ಮೇಲೆ ಒಂದು ಕೆಳಗೆ ಇದ್ರೆ ಎರಡನೇದು. ಎರಡೂ ಮೇಲಿದ್ರೆ ಮೂರನೇದು, ಮಾಸ್ಟರ್ ಮೇಸನ್. ನಡುವೆ ಇಂಗ್ಲಿಷಿನ ಜಿ ಅಕ್ಷರ ಇದೆಯಾ ನೋಡಿ, ಅಮೆರಿಕದ ಕಡೆ ಸಾಮಾನ್ಯವಾಗಿ ಜಿ ಇಟ್ಟೇ ಇಡ್ತಾರೆ, ಇಂಗ್ಲೆಂಡಿನ ಕಡೆ ಹೆಚ್ಚಾಗಿ ಇರಲ್ಲ. ಆಮೇಲೆ ಪೇಟೆಗೆ ಬಂದಾಗ ಅಕ್ಕಸಾಲಿಗರ ತಕ್ಕಡೀಲಿ ತೂಕ ನೋಡಿಸಿ. ಆ ಕಾಲದ ಕಾಲಾಣೆ ಟಂಕಸಾಲೆಯಿಂದ ಬರುವಾಗ 6.47 ಗ್ರಾಂ ಇತ್ತು, ಸವೆದು ಸ್ವಲ್ಪ ಕಮ್ಮಿ ಇರ್ಬೇಕು. 1906ರಿಂದ ಕಂಚಿಗೆ ಬದಲಾಯಿಸಿ 4.86ಕ್ಕೆ ಇಳಿಸಿದ್ರು, ನಿಮ್ಮದು ಹಳೇ ತಾಮ್ರದ್ದು.

ಸಂಗ್ರಹದ ವಿಷಯ ಕೇಳಿದ್ರಿ. ಇದು ದೊಡ್ಡದಾಗಿ ಬೆಳೆದಿರೋದು ಅಮೆರಿಕದಲ್ಲಿ. ಅಲ್ಲಿ 1857ರ ತನಕ ದೊಡ್ಡ ತಾಮ್ರದ ಸೆಂಟ್ ಅಂತ ಹೊಡೀತಿದ್ರು, ನಮ್ಮ ಕಾಲಾಣೆಗಿಂತ ಅಗಲ, ಸುಮಾರು 28 ಮಿಲಿಮೀಟರ್, ಮೆತ್ತಗಿನ ಲೋಹ, ಜಾಗ ಬೇಕಾದಷ್ಟು. ಔಷಧಿ ಮಾರೋರು, ಬೀಗದೋರು, ಬಂದೂಕು ಮಾಡೋರು, ಎಲ್ಲಾ ತಮ್ಮ ಹೆಸರು ಒತ್ತಿ ಬಿಡ್ತಿದ್ರು, ನಾಣ್ಯ ಊರೂರು ಸುತ್ತಿದ್ರೆ ಪುಕ್ಕಟೆ ಜಾಹೀರಾತು. ಸಂಘದೋರೂ ಒತ್ತಿದ್ರು. ಮೇಸನ್‌ಗಳಲ್ಲದೆ ಆಡ್‌ಫೆಲೋಸ್ ಅಂತ ಇನ್ನೊಂದು ಸಂಘ, ಅಮೆರಿಕದಲ್ಲಿ ಅದನ್ನ 1819ರಲ್ಲಿ ಬಾಲ್ಟಿಮೋರ್‌ನಲ್ಲಿ ಥಾಮಸ್ ವೈಲ್ಡಿ ಅನ್ನೋರು ಶುರು ಮಾಡಿದ್ದು, ಅವರ ಗುರುತು ಸರಪಳಿಯ ಮೂರು ಕೊಂಡಿ, ಒಂದೊಂದು ಕೊಂಡೀಲಿ ಒಂದೊಂದು ಅಕ್ಷರ, ಸ್ನೇಹ ಪ್ರೀತಿ ಸತ್ಯ ಅಂತ. ಕಾಯಿಲೆ ಬಿದ್ದೋರನ್ನ ನೋಡ್ಕೊಳ್ಳೋದು, ಸತ್ತೋರಿಗೆ ಮಣ್ಣು ಮಾಡಿಸೋದು, ಗಂಡ ಸತ್ತ ಹೆಂಗಸರಿಗೆ ದುಡ್ಡು ಕೊಡೋದು, ಇದೇ ಅವರ ಕೆಲಸ. ಸರ್ಕಾರದ ಪಿಂಚಣಿ ಎಂಥದೂ ಇಲ್ಲದ ಕಾಲದಲ್ಲಿ ಜೇಬಲ್ಲಿ ಆ ಮೂರು ಕೊಂಡಿಯ ಸೆಂಟ್ ಇದ್ದೋನಿಗೆ ಗೊತ್ತಿಲ್ಲದ ಊರಲ್ಲೂ ಯಾರೋ ಇದಾರೆ ಅನ್ನೋ ಧೈರ್ಯ. ಅದಕ್ಕೇ ನಂಗೆ ಈ ನಾಣ್ಯಗಳ ಮೇಲೆ ಇಷ್ಟು ಪ್ರೀತಿ. ರಾಜನ ಮುಖದ ಮೇಲೆ ಸಾಮಾನ್ಯ ಮನುಷ್ಯ ಒಬ್ಬ ತನ್ನೋರ ಗುರುತು ಇಟ್ಕೊಂಡಿರ್ತಾನೆ.

ಮೇಸನ್‌ಗಳಲ್ಲೇ ಮಾರ್ಕ್ ಪೆನ್ನಿ ಅಂತ ಒಂದಿದೆ. ಮಾರ್ಕ್ ಅನ್ನೋ ಮೆಟ್ಟಿಲು ಹತ್ತುವಾಗ ಪ್ರತಿಯೊಬ್ಬರೂ ತಮ್ಮದೇ ಒಂದು ಗುರುತು ಆರಿಸ್ಕೋಬೇಕು, ಕಲ್ಲುಕುಟಿಗ ತಾನು ಕಡೆದ ಕಲ್ಲಿಗೆ ಗುರುತು ಹಾಕಿದ ಹಾಗೆ. ಮೊದಮೊದಲು ಹಳೇ ಸೆಂಟ್‌ನ ಒಂದು ಮೈ ನುಣ್ಣಗೆ ಉಜ್ಜಿ ಅದ್ರ ಮೇಲೆ ಕೆತ್ತಿಸ್ಕೊಳ್ತಿದ್ರು, ಆಮೇಲೆ ಅಚ್ಚಲ್ಲೇ ಹೊಡೆದ ಬಿಲ್ಲೆ ಬಂತು.

ನಂಗಾದ ಒಂದು ನಷ್ಟಾನೂ ಹೇಳ್ತೀನಿ, ನಿಮಗೆ ಆಗೋದು ಬೇಡ. ಆನ್‌ಲೈನಲ್ಲಿ ಒಬ್ರು ನೂರು ವರ್ಷ ಹಳೇ ಮೇಸನ್ ನಾಣ್ಯ ಅಂತ ಮಾರಿದ್ರು, ಲಿಂಕನ್ ಇರೋ ಅಮೆರಿಕದ ಸಣ್ಣ ಸೆಂಟ್, ಮುಖದ ಎದುರು ಕೈವಾರ ಮೂಲೆಮಟ್ಟ. ದುಡ್ಡು ಕೊಟ್ಟು ತರಿಸ್ಕೊಂಡೆ. ತಿರುಗಿಸಿ ನೋಡಿದ್ರೆ ಹಿಂದೆ ಲಿಂಕನ್ ಸ್ಮಾರಕದ ಕಟ್ಟಡ, ಆ ಚಿತ್ರ ಬಂದಿದ್ದೇ 1959ರಲ್ಲಿ, 2008ರ ತನಕ ಇತ್ತು. ಆ ಥರದ್ದು ಅಂಗಡೀಲಿ ಕಾಣಿಕೆ ಕಾರ್ಡಿಗೆ ಅಂಟಿಸಿ ಮಾರೋಕೆ ರಾಶಿ ರಾಶಿ ಒತ್ತಿದಾರೆ, ಕೈಗೆ ಸಿಕ್ಕಷ್ಟು ಸಿಗುತ್ತೆ. ಅವತ್ತಿಂದ ಒಂದು ಮಾತು ನೆನಪಿಟ್ಕೊಂಡಿದೀನಿ, ಠಸ್ಸೆ ನಾಣ್ಯಕ್ಕಿಂತ ಹಳೇದಾಗಿರೋಕೆ ಸಾಧ್ಯವೇ ಇಲ್ಲ, ಹೊಸದಂತೂ ಎಷ್ಟು ಬೇಕಾದ್ರೂ ಆಗಿರ್ಬಹುದು. ನಿಮ್ಮದು 1862ರ ನಾಣ್ಯ ಅಂದ್ರೆ ಠಸ್ಸೆ 1862ರಿಂದ ಈಚೆಗೆ ಯಾವಾಗ ಬೇಕಾದ್ರೂ. ಆ ಮಧ್ಯದ ಅಂತರ ಕಮ್ಮಿ ಮಾಡೋದೇ ಈಗಿರೋ ಕೆಲಸ.

ಅಡಿಗಲ್ಲು

ನಾನು ನಾಣ್ಯ ಸಂಗ್ರಹ ಮಾಡಲ್ಲ, ಚಿನ್ನಬೆಳ್ಳಿ ಕೆಲಸ ಮಾಡೋನು, ನಮ್ಮಪ್ಪನೂ ಅದೇ ಕೆಲಸ. ಠಸ್ಸೆ ಹೆಂಗೆ ಬೀಳುತ್ತೆ ಅನ್ನೋದು ಹೇಳಬಲ್ಲೆ.

ಕೆತ್ತಿದಾಗ ಲೋಹ ಎದ್ದು ಹೋಗುತ್ತೆ. ಠಸ್ಸೆ ಹೊಡೆದಾಗ ಎಲ್ಲೂ ಹೋಗಲ್ಲ, ಪಕ್ಕಕ್ಕೆ ಸರಿಯುತ್ತೆ, ಗೆರೆಯ ಎರಡೂ ಬದಿಗೆ ಗದ್ದೆ ಬದು ಹಾಗೆ ಸಣ್ಣಗೆ ಏಳುತ್ತೆ. ಉಗುರು ಆಡಿಸಿ ನೋಡಿ, ಬದು ಉಗುರಿಗೆ ಚುರುಕ್ ಅಂತ ಸಿಕ್ಕಿದ್ರೆ ಮೊನ್ನೆ ಮೊನ್ನೆ ಹೊಡೆದಿದ್ದು, ಬದು ಇದ್ದೂ ಅದ್ರ ತಲೆ ನುಣ್ಣಗಾಗಿ ರಾಣಿ ಕೂದಲು ಎಷ್ಟು ಸವೆದಿದೆಯೋ ಅದೂ ಅಷ್ಟೇ ಸವೆದಿದ್ರೆ ಎರಡೂ ಒಟ್ಟಿಗೆ ಬಹಳ ಕಾಲ ಕೈಯಾಡಿದೆ. ಬದುವೇ ಇಲ್ಲ, ಗೆರೆ ತಳದಲ್ಲಿ ಗುಳಿ ಗುಳಿ ಇದೆ ಅಂದ್ರೆ ಎರಕ ಹೊಯ್ದ ನಕಲು ಅಂತ ಅನುಮಾನ ಪಡಿ.

ಎರಡನೇದು ಹಿಂದಿನ ಮೈ. ನಾಣ್ಯವನ್ನ ಅಡಿಗಲ್ಲಿನ ಮೇಲಿಟ್ಟು ಮೇಲಿಂದ ಪೆಟ್ಟು ಕೊಟ್ರೆ ಠಸ್ಸೆ ಇರೋ ಜಾಗದ ಸರೀ ಹಿಂದೆ ಅಕ್ಷರ ಚಪ್ಪಟೆ ಆಗ್ಲೇಬೇಕು. ನಿಮ್ಮ ಎರಡನೇ ಫೋಟೋಲಿ ಕ್ವಾರ್ಟರ್ ಅನ್ನೋ ಪದದ ಕೊನೆ ಎರಡು ಅಕ್ಷರ ಮಂಕಾಗಿ ಕಾಣ್ತಿದೆ, ಬೆಳಕಿಂದ ಹಾಗೆ ಕಾಣ್ತಿದೆಯಾ ನಿಜವಾಗ್ಲೂ ಚಪ್ಪಟೆಯಾ ನೋಡಿ ಹೇಳಿ. ಫೋಟೋ ತೆಗೆಯುವಾಗ ಮೊಬೈಲ್ ಫ್ಲಾಶ್ ಬೇಡ, ಬೆಳಿಗ್ಗೆ ಕಿಟಕಿ ಪಕ್ಕ ಇಟ್ಟು ಓರೆ ಬೆಳಕಲ್ಲಿ ತೆಗೀರಿ, ಬದು ನೆರಳು ಬೀಳುತ್ತೆ.

ಇನ್ನೊಂದು, ಇಡೀ ಗುರುತು ಒಂದೇ ಆಳಕ್ಕೆ ಇಳಿದಿದ್ರೆ ಒಂದೇ ಅಚ್ಚಿನ ಠಸ್ಸೆ, ಯಾರೋ ಬೇಕು ಅಂತಲೇ ಮಾಡಿಸಿ ಇಟ್ಕೊಂಡಿದ್ದು. ಒಂದು ಗೆರೆ ಆಳ ಒಂದು ಗೆರೆ ತೇಲು ಅಂದ್ರೆ ಸಣ್ಣ ಚಾಣದಲ್ಲಿ ಒಂದೊಂದೇ ಗೆರೆ ಹೊಡೆದಿದಾರೆ.

ಬಳ್ಳಿಗಾವೆ ಬಯಲು

ಒಳ್ಳೇ ಚರ್ಚೆ. ನಾನು ಶಿಕಾರಿಪುರ ಕಡೆ ಮೇಷ್ಟ್ರು, ಒಂದೆರಡು ಮಾತು ಸೇರಿಸ್ತೀನಿ.

ನಾಣ್ಯದ ಮೇಲೆ ಇನ್ನೊಂದು ಮುದ್ರೆ ಹೊಡೆಯೋದು ನಮಗೆ ಹೊರಗಿಂದ ಬಂದಿದ್ದಲ್ಲ. ನಮ್ಮ ಅತಿ ಹಳೇ ಬೆಳ್ಳಿ ನಾಣ್ಯಗಳೇ ಮುದ್ರಾಂಕಿತ ನಾಣ್ಯ, ಸುಮಾರು 3.4 ಗ್ರಾಂ ಬೆಳ್ಳಿ ತುಂಡಿನ ಮೇಲೆ ಸೂರ್ಯ, ಬೆಟ್ಟ, ಆನೆ ಅಂತ ಒಂದೊಂದಾಗಿ ಬೇರೆ ಬೇರೆ ಠಸ್ಸೆ, ಆಮೇಲೆ ಕೈ ಬದಲಾದಾಗ ವರ್ತಕರ ಸಣ್ಣ ಸಣ್ಣ ಗುರುತು. ಕಂಪನಿ ಕಾಲದ ಬೆಳ್ಳಿ ರೂಪಾಯಿ ಮೇಲೂ ಚಿನಿವಾರರು, ಅಂದ್ರೆ ಹಣ ಬದಲಾಯಿಸೋ ಸರಾಫರು, ಪರೀಕ್ಷೆ ಮಾಡಿ ಹಾಕಿದ ಗುರುತು ನೋಡಿರ್ತೀರಿ. ಹಾಗಾಗಿ ಸೀತಾನದಿಯವರೆ, ಸಂಗ್ರಹ ಶುರು ಮಾಡೋದಾದ್ರೆ ಅಮೆರಿಕದ ಸೆಂಟ್ ತರಿಸ್ಕೊಳ್ಳೋಕಿಂತ ಮುಂಚೆ ಚಿನಿವಾರರ ಗುರುತಿನ ರೂಪಾಯಿಂದ ಶುರು ಮಾಡಿ, ಇಲ್ಲೇ ಸಿಗುತ್ತೆ, ಕಣ್ಣು ಪಳಗುತ್ತೆ. ವರ್ತಕರ ಗುರುತು ಯಾವುದು ಸಂಘದ ಗುರುತು ಯಾವುದು ಅನ್ನೋ ವ್ಯತ್ಯಾಸ ಗೊತ್ತಾಗ್ಬೇಕಲ್ಲ, ಒಂದು ಬೆಳ್ಳಿ ಸಾಚಾ ಅಂತ ಹೇಳೋಕೆ, ಇನ್ನೊಂದು ಇಟ್ಕೊಂಡೋನು ಯಾರು ಅಂತ ಹೇಳೋಕೆ.

ಹಂಗೇ ಒಮ್ಮೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಮ್ಯೂಸಿಯಂ, ಕೆಳದಿ ಮ್ಯೂಸಿಯಂ ಎರಡೂ ನೋಡ್ಕೊಂಡು ಬನ್ನಿ. ಇಕ್ಕೇರಿ ವರಹದ ಮೇಲೆ ಶಿವಪಾರ್ವತಿ ಇರ್ತಾರೆ, 1763ರಲ್ಲಿ ಹೈದರಾಲಿ ಬಿದನೂರು ಗೆದ್ದ ಮೇಲೂ ತನ್ನ ವರಹದಲ್ಲಿ ಅದೇ ಶಿವಪಾರ್ವತಿ ಇಟ್ಕೊಂಡು ಇನ್ನೊಂದು ಮೈಗೆ ತನ್ನ ಹೆಸರಿನ ಒಂದೇ ಅಕ್ಷರ ಹಾಕಿದ. ಜನ ನಂಬಿದ ಗುರುತನ್ನ ಅವನು ಕೆಡಿಸಲಿಲ್ಲ.

ಕಲ್ಲುಕುಟಿಗರ ಗುರುತಿನ ಮಾತು ಬಂತಲ್ಲ, ನಮ್ಮ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಲ್ಲಿ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಬರೆದಿಟ್ಟಿದಾರೆ. ಇಂಗ್ಲೆಂಡಿನ ಮೇಸನ್‌ಗೂ ಅವರಿಗೂ ಸಂಬಂಧ ಎಂಥದೂ ಇಲ್ಲ, ಸುಮ್ಮನೆ ಗಂಟು ಹಾಕೋದು ಬೇಡ, ಆದ್ರೆ ಮಾಡಿದ ಕೆಲಸಕ್ಕೆ ಗುರುತು ಹಾಕ್ಬೇಕು ಅನ್ನೋ ಆಸೆ ಎರಡೂ ಕಡೆ ಒಂದೇ.

ಅಡಿಗಲ್ಲು ಹೇಳಿದ ಒಂದೊಂದೇ ಹೊಡೆಯೋ ಠಸ್ಸೆಗೆ ಪ್ರಸಿದ್ಧ ಉದಾಹರಣೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, 1903ರ ಪೆನ್ನಿ, ಏಳನೇ ಎಡ್ವರ್ಡ್ ಮುಖದ ಮೇಲೆ ಹೆಂಗಸರಿಗೆ ಮತ ಕೊಡಿ ಅನ್ನೋ ಅರ್ಥದ ಮೂರು ಪದ, ಒಂದೊಂದೇ ಅಕ್ಷರ ಸುತ್ತಿಗೇಲಿ ಹೊಡೆದಿದ್ದು, ಸಾಲು ನೆಟ್ಟಗೂ ಇಲ್ಲ. ಅಷ್ಟು ದೊಡ್ಡ ಹೋರಾಟದ ನೆನಪು ಒಂದು ಪೆನ್ನೀಲಿ ಉಳೀತು.

ಸಾಗರ ಸೀಮೆ

ಅಕ್ಕ, ಒಂದು ಎಚ್ಚರಿಕೆ. ಊರಲ್ಲಿ ಯಾರಿಗೂ ಫೋಟೋ ತೋರಿಸ್ಬೇಡಿ. ನಮ್ಮ ಕಡೆ ರೈಸ್ ಪುಲ್ಲಿಂಗ್ ಅಂತ ಮೋಸ ಮಾಡೋರು ತಿರುಗ್ತಾ ಇರ್ತಾರೆ, ಹಳೇ ತಾಮ್ರಕ್ಕೆ ಅಕ್ಕಿಕಾಳು ಎಳೆಯೋ ಶಕ್ತಿ ಇದೆ, ಕೋಟಿ ಕೊಡ್ತಾರೆ, ಮೊದಲು ಪರೀಕ್ಷೆಗೆ ಇಷ್ಟು ಲಕ್ಷ ಕಟ್ಟಿ ಅಂತ. ವಿಚಿತ್ರ ಗುರುತು ಇದ್ರಂತೂ ಮುಗೀತು. ನಮ್ಮ ನೆಂಟ್ರೊಬ್ರು ತೋಟದ ಮೇಲೆ ಸಾಲ ತೆಗೆದು ಕೊಟ್ಟು ಕಳ್ಕೊಂಡಿದಾರೆ, ಇವತ್ತಿಗೂ ಆ ಮನೇಲಿ ಆ ಮಾತು ಎತ್ತಂಗಿಲ್ಲ. ತಾಮ್ರ ಅಕ್ಕಿ ಎಳೆಯಲ್ಲ. 1818ನೇ ಇಸ್ವಿ, ಒಂದಾಣೆ, ರಾಮ ಸೀತೆ ಲಕ್ಷ್ಮಣ ಹನುಮಂತ ಇರೋ ಕಂಪನಿ ನಾಣ್ಯ ಅಂತ ತೋರಿಸ್ತಾರಲ್ಲ ಅದನ್ನ ಕಂಪನಿ ಯಾವತ್ತೂ ಹೊಡೆದೇ ಇಲ್ಲ, ಈಚೆಗೆ ಮಾಡಿದ ಬಿಲ್ಲೆ ಅದು.

ಕಾನೂನಿನ ಮಾತು. ಅಟ್ಟದ ಪೆಟ್ಟಿಗೇಲಿ ಅಜ್ಜ ಇಟ್ಟಿದ್ದು ನಿಮ್ಮದೇ. ತೋಟ ಅಗೆಯುವಾಗ ಮಣ್ಣಲ್ಲಿ ಸಿಕ್ಕಿದ್ರೆ ಮಾತ್ರ ಬೇರೆ, 1878ರ ನಿಧಿ ಕಾಯ್ದೆ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆ ಬಾಳೋದಾದ್ರೆ ಜಿಲ್ಲಾಧಿಕಾರಿಗೆ ತಿಳಿಸ್ಬೇಕು. ಮತ್ತೆ 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೇಲಿ ಪುರಾತನ ವಸ್ತು, ಆನ್‌ಲೈನಲ್ಲಿ ಅಮೆರಿಕದೋರು ಕೇಳಿದ್ರು ಅಂತ ಪೋಸ್ಟ್ ಮಾಡಿ ಕಳಿಸಂಗಿಲ್ಲ.

ಇಡೋದು ಹೆಂಗೆ ಅಂತ ಯಾರೂ ಹೇಳ್ಲಿಲ್ಲ. ಮರದ ಪೆಟ್ಟಿಗೆಗೆ ವಾಪಸ್ ಹಾಕ್ಬೇಡಿ, ಮರದಿಂದ ಬರೋ ಆವಿಗೇ ತಾಮ್ರ ಕೆಡುತ್ತೆ. ಮೆತ್ತಗಿನ ಪಿವಿಸಿ ಕವರೂ ಬೇಡ, ಹಸಿರು ಅಂಟು ಬಿಡುತ್ತೆ. ನಾಣ್ಯಕ್ಕೆ ಅಂತಲೇ ಬರೋ ಕಾಗದದ ಹೋಲ್ಡರ್, ಅದನ್ನ ಬಿಗಿ ಮುಚ್ಚಳದ ಡಬ್ಬೀಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಆಷಾಢದಲ್ಲಿ ನಮ್ಮಲ್ಲಿ ಗೋಡೆನೇ ಬೆವರುತ್ತೆ, ಕಿಲುಬು ಹತ್ತೋಕೆ ಒಂದು ಮಳೆಗಾಲ ಸಾಕು.

ಸೀತಾನದಿ (ತೀರ್ಥಹಳ್ಳಿ)

ಇಷ್ಟೊಂದು ಜನ ಇಷ್ಟು ಮನಸಿಟ್ಟು ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ, ತುಂಬ ಥ್ಯಾಂಕ್ಸ್.

ಶನಿವಾರ ಪೇಟೆಗೆ ಹೋಗಿ ತೂಕ ಹಾಕ್ಸಿದೆ, 6.15 ಗ್ರಾಂ. ಕಿಟಕಿ ಹತ್ರ ಓರೆ ಬೆಳಕಲ್ಲಿ ಹೊಸ ಫೋಟೋ ತೆಗೆದಿದೀನಿ. ಕೈವಾರದ ಮೊನೆ ಎರಡೂ ಮೇಲೇ ಇದೆ, ನಡುವೆ ಅಕ್ಷರ ಏನೂ ಇಲ್ಲ. ಹಿಂದುಗಡೆ ಕ್ವಾರ್ಟರ್ ಪದದ ಕೊನೆ ಎರಡು ಅಕ್ಷರ ನಿಜವಾಗ್ಲೂ ಚಪ್ಪಟೆ, ಬೆರಳಾಡಿಸಿದ್ರೆ ಗೊತ್ತಾಗುತ್ತೆ. ಬದು ಇದೆ ಆದ್ರೆ ಉಗುರಿಗೆ ಸಿಗಲ್ಲ, ನುಣ್ಣಗೆ ಜಾರುತ್ತೆ. ಆಳ ಎಲ್ಲಾ ಕಡೆ ಒಂದೇ ಸಮ ಇದ್ದಂಗಿದೆ.

ಉಳಿದ 11 ನೋಡಿದೆ, ಯಾವುದ್ರಲ್ಲೂ ಗುರುತಿಲ್ಲ. ಅಮ್ಮಂಗೆ ಬೇಜಾರಾಗಿದೆ ಉಜ್ಜಿಬಿಟ್ಟೆ ಅಂತ, ನಿಮಗೆ ಹೆಂಗೆ ಗೊತ್ತಾಗ್ಬೇಕಿತ್ತು ಅಂತ ನಾನೇ ಸಮಾಧಾನ ಮಾಡ್ದೆ.

ಕಾಲಾಣೆ ಶಿವಮೊಗ್ಗ

ಬಹಳ ಚೆನ್ನಾಗಿ ನೋಡಿದೀರಿ. ಒಂದೇ ಅಚ್ಚಿನ ಠಸ್ಸೆ, ಹಳೇ ಸವೆತ, ಜಿ ಇಲ್ಲ, ಎರಡೂ ಮೊನೆ ಮೇಲೆ. ಇಂಗ್ಲೆಂಡ್ ಅಥವಾ ಸ್ಕಾಟ್ಲೆಂಡ್ ಕಡೆಯ ಲಾಡ್ಜಿನ ಮನುಷ್ಯನದು ಅನ್ನೋದಕ್ಕೆ ಹೊಂದುತ್ತೆ, ನಿಮ್ಮ ಮನೆ ಮಾತಿನ ದೊರೆಗೂ ಹೊಂದುತ್ತೆ. ಮೊನೆ ವಿಷಯದಲ್ಲಿ ಪೂರ್ತಿ ಗಟ್ಟಿಯಾಗಿ ಹೇಳಲ್ಲ, ಠಸ್ಸೆ ಮಾಡೋರು ಚಂದ ಕಾಣ್ಲಿ ಅಂತಲೂ ಎರಡೂ ಮೇಲೆ ಇಡ್ತಾರೆ.

ಬೆಲೆ ಕೇಳ್ಲಿಲ್ಲ ನೀವು, ಸಂತೋಷ ಆಯ್ತು. ಗುರುತಿಲ್ಲದ 1862ರ ಕಾಲಾಣೆ ಸಾಮಾನ್ಯ ನಾಣ್ಯ, ನಾಣ್ಯಮೇಳದಲ್ಲಿ ಕಮ್ಮಿ ದುಡ್ಡಿಗೇ ಸಿಗುತ್ತೆ. ನಿಮ್ಮದನ್ನ ಬೇರೆ ಮಾಡೋದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದು. ಅಪ್ಪನ್ನ ಕೂರಿಸ್ಕೊಂಡು ಎಸ್ಟೇಟಿನ ಹೆಸರು, ಅಜ್ಜ ಅಲ್ಲಿದ್ದ ವರ್ಷ, ದೊರೆ ಹೆಸರು ನೆನಪಿದ್ರೆ ಅದು, ಎಲ್ಲಾ ಕಾಗದದಲ್ಲಿ ಬರೆದು ನಾಣ್ಯದ ಜೊತೆ ಇಡಿ. ಪೆಟ್ಟಿಗೇಲಿದ್ದ ಕಾಗದ ಎಸೆದಿಲ್ಲ ತಾನೆ? ಚೆಕ್‌ರೋಲ್ ಹಾಳೆ, ಅಂದ್ರೆ ಆಳುಗಳ ಹಾಜರಿ ಸಂಬಳದ ಲೆಕ್ಕ, ಇದ್ರೂ ಇರ್ಬಹುದು.

ಸೀತಾನದಿ (ತೀರ್ಥಹಳ್ಳಿ)

ಎಸೆದಿಲ್ಲ ಅಣ್ಣ, ಗೆದ್ದಲು ಹಿಡಿದಿದೆ ಅರ್ಧ, ಬಿಸಿಲಿಗೆ ಹಾಕಿದೀನಿ. ಸಂಬಳದ ಲೆಕ್ಕದ ಹಾಳೆ ಮೂರು ಸಿಕ್ಕಿದೆ, 1938, 39ನೇ ಇಸ್ವೀದು.

ಇನ್ನೊಂದು ಹೇಳೋಕೆ ಬಂದೆ. ಶೃಂಗೇರೀಲಿರೋ ದೊಡ್ಡತ್ತೆಗೆ ನಿನ್ನೆ ಫೋನ್ ಮಾಡಿದ್ದೆ, 86 ವರ್ಷ ಅವರಿಗೆ, ಅಜ್ಜನ ಹಿರೀ ಮಗಳು. ನಾಣ್ಯ ಅಂದ ಕೂಡ್ಲೆ "ಅಪ್ಪನ ಸಂಚೀಲಿತ್ತಲ್ಲ ಅದಾ" ಅಂದ್ರು. ಅಜ್ಜ ಅದನ್ನ ಎಲೆಅಡಿಕೆ ಸಂಚೀಲಿ ಸುಣ್ಣದ ಡಬ್ಬಿ ಜೊತೇಲೇ ಇಟ್ಕೊಳ್ತಿದ್ರಂತೆ, ಇವರು ಸಣ್ಣವರಿದ್ದಾಗ ಆಡೋಕೆ ಕೇಳಿದ್ರೂ ಕೊಡ್ತಿರ್ಲಿಲ್ಲವಂತೆ. ಅಜ್ಜ ಹೋದ ಮೇಲೆ ಅಜ್ಜಿ ಸಂಚಿ ಬಿಚ್ಚಿ ನಾಣ್ಯ ತೆಗೆದು ಗಂಟು ಕಟ್ಟಿ ಪೆಟ್ಟಿಗೇಲಿಟ್ರಂತೆ. ಹಂಗಾದ್ರೆ ಆ ಗೆರೆ ಒಳಗಿರೋ ಬಿಳೀದು ಸುಣ್ಣವಾ?

ಅಡಿಗಲ್ಲು

ಸುಣ್ಣವೇ ಇರ್ಬೇಕು. ಹೊಸ ಫೋಟೋ ದೊಡ್ಡ ಮಾಡಿ ನೋಡ್ದೆ, ಗೆರೆ ತಳಕ್ಕೆ ಪದರ ಕಟ್ಟಿ ಗಟ್ಟಿಯಾಗಿ ಕೂತಿದೆ, ಧೂಳು ಹಂಗೆ ಕೂರಲ್ಲ. ಹುಣಸೆಹುಳಿ ಹಾಕಿ ತಿಕ್ಕಿದ್ರೆ ಅದು ಉಳೀತಿರ್ಲಿಲ್ಲ.

ಅದು ಸಂಚಿಯ ಸುಣ್ಣ ಅಂದ್ರೆ ಅದು ತುಂಬೋ ಮುಂಚೆ ಗೆರೆ ಇತ್ತು ಅಂತಾಯ್ತು. ಅಂದ್ರೆ ಠಸ್ಸೆ 1971ಕ್ಕಿಂತ ಹಿಂದಿಂದು, ಅಜ್ಜ ಸಂಚಿಗೆ ಹಾಕ್ಕೊಂಡ ದಿನಕ್ಕಿಂತ ಹಿಂದಿಂದು ಆದ್ರೂ ಆಯ್ತು.

ಸೀತಾನದಿ (ತೀರ್ಥಹಳ್ಳಿ)

ಹಂಗೇ ಬಿಡ್ತೀನಿ ಅದನ್ನ. ಹೋಲ್ಡರ್ ಮೇಲೆ ಅಜ್ಜನ ಹೆಸರು, ಎಸ್ಟೇಟ್ ಹೆಸರು, ಸಂಚಿ, ಸುಣ್ಣ ಅಂತ ಬರೆದಿದೀನಿ. ಮುಂದಿನ ವಾರ ಶೃಂಗೇರಿಗೆ ಹೋಗ್ತಿದೀನಿ, ಸಂಚಿ ಇನ್ನೂ ದೊಡ್ಡತ್ತೆ ಹತ್ರಾನೇ ಇದೆಯಂತೆ.